ತಕ್ಕಡಿ ಹಿಡಿದು ಚೀಲ ಕಟ್ಟಿ

ಶಿವರಾತ್ರಿಗೆ ಇನ್ನು ಇಪ್ಪತ್ತು ದಿನವಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಾಮರಾಜಪೇಟೆಯಿಂದ ನಮ್ಮ ಬಸವನಗುಡಿಯ ಮನೆಗೆ ಬಂದ. ಈಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ. ಜೊತೆಗೆ ಅಪ್ಪ, ಅಮ್ಮ. ಮೂವರ ಮುಖಗಳೂ ಮೂರು ದಿಕ್ಕಿಗೆ ತಿರುಗಿದ್ದವು. ಕಾಫಿ ಕೊಟ್ಟರೂ ಯಾರೂ ಲೋಟ ಮುಟ್ಟಲಿಲ್ಲ. ಇದು ಅಂಕಪಟ್ಟಿಯ ವಿಷಯವಿರಬೇಕು ಎಂದುಕೊಂಡೆ. ಅಲ್ಲ, ಚೀಲದ ವಿಷಯ!

ಹುಡುಗ ತನ್ನ ಸೋದರಮಾವ ಮತ್ತು ಮೂವರು ಗೆಳೆಯರ ಜೊತೆ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟಿದ್ದ. ಶಿವರಾತ್ರಿಗೆ ಮುಂಚೆ ಬೆಂಗಳೂರಿನಿಂದ ಸಾವಿರಾರು ಜನ ಹೀಗೆ ಹೊರಡುವುದನ್ನು ನೀವೂ ನೋಡಿರುತ್ತೀರಿ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಸುಮಾರು 300 ಕಿ.ಮೀ., ಏಳೆಂಟು ದಿನದ ನಡಿಗೆ. ದೊಡ್ಡ ತಂಡಗಳ ಹಿಂದೆ ಸಾಮಾನು ಹೊತ್ತ ವಾಹನ ಬರುತ್ತದೆ. ಐದು ಜನರ ಈ ತಂಡಕ್ಕೆ ಆ ಅನುಕೂಲವಿರಲಿಲ್ಲ. ಅವರವರ ಚೀಲ ಅವರವರ ಬೆನ್ನಿಗೆ.

ಹುಡುಗ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಒಂದು ಪಟ್ಟಿ ಮಾಡಿದ್ದ. ಒಂಬತ್ತು ಸಾವಿರದ ಹಗುರ ಚೀಲ, ಮಲಗುವ ಚೀಲ, ಜಾಕೆಟ್ಟು, ಮಡಚುವ ಕೋಲು. ಒಟ್ಟು ಹದಿನೆಂಟು ಸಾವಿರ ರೂಪಾಯಿ. ಅಪ್ಪನದು ಪುಸ್ತಕಗಳಿಗೆ ರಟ್ಟು ಕಟ್ಟುವ ಸಣ್ಣ ಅಂಗಡಿ. ‘ನಮ್ಮಪ್ಪ ಒಂದು ಜೋಳಿಗೆ ಹಾಕಿಕೊಂಡು ನಡೆದು ಹೋಗಿ ಬಂದರು ಮೇಷ್ಟ್ರೇ. ಇಷ್ಟು ದುಡ್ಡು ಸುರಿಯುವುದಾದರೆ ಮನೆಮಂದಿಯೆಲ್ಲ ಕಾರು ಮಾಡಿಕೊಂಡೇ ಹೋಗಿ ಬರಬಹುದು’ ಎಂದರು. ಅಮ್ಮ ಅಷ್ಟರಲ್ಲೇ ಯಾರೋ ನೆಂಟರ ಮನೆಯಿಂದ ದೊಡ್ಡ ಬೆನ್ನುಚೀಲವೊಂದನ್ನು ತಂದು ತುಂಬಿಸಿಬಿಟ್ಟಿದ್ದರು. ಅದನ್ನು ಹೊತ್ತು ನೋಡಿದ ಹುಡುಗ, ‘ಇದನ್ನು ಹೊತ್ತು ನೆಲಮಂಗಲವನ್ನೂ ಮುಟ್ಟೋಕಾಗಲ್ಲ. ನಾನು ಹೋಗೋದೇ ಇಲ್ಲ’ ಎಂದು ಕೂತಿದ್ದ. ಅಜ್ಜ ನಡೆದ ದಾರಿಯಲ್ಲಿ ಒಮ್ಮೆ ನಡೆಯಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದವನು ಅವನು.

ಮಕ್ಕಳೇ, ತಂದೆತಾಯಂದಿರೇ, ಇಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವ ಮುನ್ನ ಒಂದು ಕೆಲಸ ಮಾಡಬೇಕಲ್ಲವೇ? ಅಳತೆ. ವಿಜ್ಞಾನದ ಮೇಷ್ಟ್ರಿಗೆ ಗೊತ್ತಿರುವುದು ಅದೊಂದೇ. ‘ನಾಳೆ ಸಂಜೆ ಮನೆಗೆ ಬರುತ್ತೇನೆ, ಚೀಲ ಬಿಚ್ಚಬೇಡಿ’ ಎಂದು ಹೇಳಿ ಕಳಿಸಿದೆ.

ಒಂದು ಕಿಲೋ ಎಂದರೆ ಎಷ್ಟು?

ಮರುದಿನ ಕೊಕ್ಕೆಯಿರುವ ತಕ್ಕಡಿ ಹಿಡಿದು ಹೋದೆ. ಚೀಲವನ್ನು ತೂಗುಹಾಕಿದರೆ ಸರಿಯಾಗಿ 15 ಕಿಲೋ. ಹುಡುಗನ ತೂಕ 54 ಕಿಲೋ. ಅಂದರೆ ತನ್ನ ತೂಕದ ನಾಲ್ಕನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ನಮ್ಮ ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಹೊರಡಿಸಿದ ಆದೇಶದಂತೆ ಶಾಲಾ ಮಕ್ಕಳ ಚೀಲ ಅವರ ತೂಕದ ಶೇ. 10ನ್ನು ಮೀರಬಾರದು. ಮನೆಯಿಂದ ಶಾಲೆಗೆ ಒಂದೆರಡು ಫರ್ಲಾಂಗು ಹೊರುವ ಚೀಲಕ್ಕೇ ಈ ಲೆಕ್ಕವಾದರೆ, 300 ಕಿ.ಮೀ. ಹೊರುವ ಚೀಲಕ್ಕೆ? ‘ನಮ್ಮ ಗುರಿ ಐದೂವರೆ ಕಿಲೋ, ಹೆಚ್ಚೆಂದರೆ ಆರು. ಕುಡಿಯುವ ನೀರೂ ಸೇರಿ’ ಎಂದೆ. ಮೂವರೂ ನಕ್ಕರು. ಅಷ್ಟು ಹೊತ್ತಿಗೆ ಅವರು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

‘ಒಂದು ಕಿಲೋ ಹೆಚ್ಚುಕಮ್ಮಿಯಾದರೆ ಏನಾಗುತ್ತೆ ಸಾರ್?’ ಎಂದ ಹುಡುಗ. ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ. ಒಂದು ಹೆಜ್ಜೆಗೆ 75 ಸೆಂ.ಮೀ. ಎಂದರೆ 300 ಕಿ.ಮೀ.ಗೆ ನಾಲ್ಕು ಲಕ್ಷ ಹೆಜ್ಜೆ. ನಡೆಯುವಾಗ ಪ್ರತಿ ಹೆಜ್ಜೆಗೂ ನಮ್ಮ ಮೈ ಸುಮಾರು ನಾಲ್ಕು ಸೆಂ.ಮೀ. ಮೇಲೇರಿ ಕೆಳಗಿಳಿಯುತ್ತದೆ. ಗೋಡೆಯ ಪಕ್ಕ ನಡೆಯುವವನ ತಲೆಯನ್ನು ನೋಡಿದರೆ ಇದು ಕಾಣುತ್ತದೆ. ನಾಲ್ಕು ಲಕ್ಷವನ್ನು ನಾಲ್ಕು ಸೆಂ.ಮೀ.ನಿಂದ ಗುಣಿಸಿ. 16 ಕಿ.ಮೀ.! ಚೀಲದಲ್ಲಿರುವ ಪ್ರತಿ ಕಿಲೋವನ್ನೂ ನೀವು ಒಟ್ಟು 16 ಕಿ.ಮೀ. ಎತ್ತರಕ್ಕೆ ಎತ್ತಬೇಕು. ಎವರೆಸ್ಟಿನ ಎತ್ತರ 8,849 ಮೀಟರ್. ಅಂದರೆ ಉಪ್ಪಿನಕಾಯಿ ಬಾಟಲಿಯನ್ನು ಹೆಚ್ಚುಕಡಿಮೆ ಎರಡು ಸಲ ಎವರೆಸ್ಟ್ ಹತ್ತಿಸಿದಂತೆ. ಲೋಲಕದ ತೂಗಾಟದಲ್ಲಿ ಆಗುವಂತೆ ಈ ಶಕ್ತಿಯ ಒಂದು ಪಾಲು ಮುಂದಿನ ಹೆಜ್ಜೆಗೆ ವಾಪಸು ಸಿಗುತ್ತದೆ, ನಿಜ. ಉಳಿದ ಪಾಲನ್ನು ಮಾತ್ರ ಮಂಡಿ, ಹಿಮ್ಮಡಿ, ಹೆಗಲುಗಳೇ ಕೊಡಬೇಕು.

‘ಇರಲಿ ಅಂತ’ ಎಂಬ ಗುಡ್ಡೆ

ಜಮಖಾನ ಹಾಸಿ ಚೀಲ ಸುರಿದೆವು. ಪ್ರತಿಯೊಂದು ಸಾಮಾನನ್ನೂ ತೂಗಿ ಕಾಗದದಲ್ಲಿ ಬರೆದೆವು. ಸಣ್ಣಪುಟ್ಟವಕ್ಕೆ ಬೀದಿಯ ಕೊನೆಯ ದಿನಸಿ ಅಂಗಡಿಯ ತಕ್ಕಡಿ ಒದಗಿತು. ಆಮೇಲೆ ಮೂರು ಗುಡ್ಡೆ ಮಾಡಿದೆವು. ದಿನವೂ ಬೇಕಾದದ್ದು ಒಂದು. ಅಪಾಯಕ್ಕೆ ಬೇಕಾದದ್ದು ಎರಡು. ಮೂರನೆಯದಕ್ಕೆ ಏನು ಹೆಸರಿಡುವುದು? ಪ್ರತಿ ಸಾಮಾನನ್ನೂ ಎತ್ತಿ ‘ಇದು ಯಾಕಮ್ಮಾ?’ ಎಂದಾಗ ಬಂದ ಉತ್ತರವನ್ನೇ ಹೆಸರಾಗಿ ಇಟ್ಟೆವು: ‘ಇರಲಿ ಅಂತ.’

ಎರಡು ಜೀನ್ಸ್ ಪ್ಯಾಂಟು, 1,400 ಗ್ರಾಂ. ಇರಲಿ ಅಂತ. ಇನ್ನೊಂದು ಜೊತೆ ಶೂಸು, 800 ಗ್ರಾಂ. ಇರಲಿ ಅಂತ. ರಗ್ಗು, ಜಮಖಾನ ಸೇರಿ 2,600. ದೊಡ್ಡ ಶಾಂಪೂ, ದೊಡ್ಡ ಪೇಸ್ಟು, ಸೋಪಿನ ಪೆಟ್ಟಿಗೆ, ಎಣ್ಣೆ ಬಾಟಲಿ 900. ಸ್ಟೀಲ್ ಡಬ್ಬಿಗಳಲ್ಲಿ ಚಕ್ಕುಲಿ, ಕೋಡುಬಳೆ, ಮೇಲೊಂದು ಗಾಜಿನ ಬಾಟಲಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ: 1,900 ಗ್ರಾಂ. ಕೊನೆಗೆ ಬರಿಯ ಚೀಲವನ್ನು ತೂಗಿದರೆ, ಒಳಗೆ ಲೋಹದ ಸರಳುಗಳಿದ್ದ ಅದೊಂದೇ 2,300!

ಉಪ್ಪಿನಕಾಯಿ ಬಾಟಲಿಯನ್ನು ಮೂರನೆಯ ಗುಡ್ಡೆಗೆ ಇಟ್ಟಾಗ ಆ ತಾಯಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ನನ್ನ ಕೈಯ ತಿಂಡಿ ಭಾರವಾಯಿತಾ ಮೇಷ್ಟ್ರೇ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಇದೇ ಮಾತಿಗೆ ನಾನು ಮೂವತ್ತು ವರ್ಷಕ್ಕೂ ಹಿಂದೆ ಒಮ್ಮೆ ತಪ್ಪು ಉತ್ತರ ಕೊಟ್ಟವನು.

1990ರಲ್ಲಿ ನಾನು ಕೊನೆಯ ವರ್ಷದ ಬಿ.ಎಸ್ಸಿ.ಯಲ್ಲಿದ್ದೆ. ನಾಲ್ವರು ಗೆಳೆಯರು ಕುಮಾರ ಪರ್ವತಕ್ಕೆ ಹೊರಟೆವು. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿ 1,712 ಮೀಟರ್ ಎತ್ತರದ ತುದಿ ಮುಟ್ಟುವ ಆ ದಾರಿ ಕಾಲಿನ ಕಸುವು ಪರೀಕ್ಷಿಸುವಂಥದ್ದು. ಹೊರಡುವ ರಾತ್ರಿ ಚೀಲ ಭಾರವೆನಿಸಿತು. ಅಮ್ಮ ಹೆಣೆದ ಉಣ್ಣೆಯ ಸ್ವೆಟರನ್ನು ತೆಗೆದು ಮಂಚದ ಕೆಳಗೆ ತಳ್ಳಿದೆ. ಸೀಮೆಎಣ್ಣೆ ಸ್ಟೌ ಮತ್ತು ಟ್ರಾನ್ಸಿಸ್ಟರ್ ಉಳಿಸಿಕೊಂಡೆ. ಗೆಳೆಯರ ಮುಂದೆ ಜಂಬ ಪಡಬೇಕಲ್ಲ! ಗಿರಿಗದ್ದೆ ದಾಟಿ ಕಲ್ಲುಮಂಟಪ ಸೇರುವಾಗ ಹತ್ತಿಯ ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಕತ್ತಲಾಯಿತು, ಗಾಳಿ ಎದ್ದಿತು. ನಾನು ನಡುಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಹಲ್ಲು ಕಟಕಟಿಸುತ್ತಿತ್ತು, ಮಾತು ತೊದಲುತ್ತಿತ್ತು. ಗೆಳೆಯನೊಬ್ಬ ತನ್ನ ಸ್ವೆಟರ್ ಬಿಚ್ಚಿ ನನಗೆ ಹಾಕಿದ. ತಾನು ರಾತ್ರಿಯಿಡೀ ಕುಳಿತೇ ಕಳೆದ. ಬೆಳಿಗ್ಗೆ ತುದಿಗೆ ಹೋಗಲಾರದೆ ನಾಲ್ವರೂ ಹಿಂದಿರುಗಿದೆವು. ನನ್ನಿಂದಾಗಿ. ಮನೆಗೆ ಬಂದ ಮೇಲೆ ಅಮ್ಮ, ‘ಸ್ವೆಟರ್ ಮರೆತು ಹೋಗಿದ್ದೆಯಲ್ಲೋ’ ಎಂದಳು. ‘ಹ್ಞೂಂ, ಮರೆತೆ’ ಎಂದೆ. ಇಂದಿಗೂ ಆ ಸುಳ್ಳು ನನ್ನ ಹತ್ತಿರವೇ ಉಳಿದಿದೆ. (ಇಂದಿನ ಚಾರಣಿಗರಿಗೆ ಒಂದು ಮಾತು: ಕುಮಾರ ಪರ್ವತಕ್ಕೆ ಈಗ ಮುಂಗಡವಾಗಿ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು.)

ಆ ರಾತ್ರಿ ನಡೆದದ್ದು ಶುದ್ಧ ಭೌತಶಾಸ್ತ್ರ. ಒಂದು ಗ್ರಾಂ ಬೆವರು ಆವಿಯಾಗಲು ಮೈಯಿಂದ ಸುಮಾರು 2,400 ಜೂಲ್ ಶಾಖ ಕಸಿಯುತ್ತದೆ. ಅಂಗಿಯಲ್ಲಿ 100 ಗ್ರಾಂ ನೀರಿದ್ದರೆ, ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸುವಷ್ಟು ಶಾಖ ಹೋಯಿತೆಂದೇ ಲೆಕ್ಕ. ಹತ್ತಿ ನೀರನ್ನು ಹೀರಿ ಹಿಡಿದಿಡುತ್ತದೆ. ಪಾಲಿಯೆಸ್ಟರ್ ಅಷ್ಟು ಹೀರುವುದಿಲ್ಲ, ಬೇಗ ಒಣಗುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಅಮ್ಮನಿಗೆ ಗುಪ್ತೋಷ್ಣದ ಸೂತ್ರ ಗೊತ್ತಿರಲಿಲ್ಲ. ಮಗನಿಗೆ ಗೊತ್ತಿತ್ತು. ಆದರೆ ಬೇಕಾದದ್ದನ್ನು ಚೀಲಕ್ಕೆ ಹಾಕಿದ್ದವಳು ಅವಳು.

ಆದ್ದರಿಂದ ಚೀಲ ಹಗುರ ಮಾಡುವುದೆಂದರೆ ಭಾರವಾದದ್ದನ್ನೆಲ್ಲ ಕಿತ್ತು ಎಸೆಯುವುದಲ್ಲ. ನೀರು, ಔಷಧಿ, ದೀಪ, ಒಣಗಿದ ಒಂದು ಬೆಚ್ಚನೆಯ ಬಟ್ಟೆ: ಈ ನಾಲ್ಕು ಒಂದು ದಿನವೂ ಉಪಯೋಗಕ್ಕೆ ಬಾರದೆ ಹಿಂದಿರುಗಿದರೂ ಅವುಗಳ ಜಾಗ ಎರಡನೆಯ ಗುಡ್ಡೆ. ಉಬ್ಬಸ, ಸಕ್ಕರೆ ಕಾಯಿಲೆ ಇದ್ದವರ ಔಷಧಿಯಂತೂ ಇತರರ ಚೀಲದಲ್ಲಿರಬಾರದು, ಅವರದೇ ಚೀಲದ ಮೇಲಿನ ಜೇಬಿನಲ್ಲಿರಬೇಕು. ನಮ್ಮ ಹುಡುಗನ 600 ಗ್ರಾಂ ಸ್ವೆಟರ್ ಹಾಗೆಯೇ ಉಳಿಯಿತು. ಮೂಡಿಗೆರೆ, ಕೊಟ್ಟಿಗೆಹಾರದ ಬೆಳಗಿನ ಚಳಿಗೆ ಅದು ಬೇಕು. ಅದನ್ನು ನಾನೇ ಎತ್ತಿ ಇಟ್ಟಾಗ ಅವನ ತಾಯಿಯ ಮುಖ ಸ್ವಲ್ಪ ತಿಳಿಯಾಯಿತು.

ದುಡ್ಡಿಲ್ಲದೆ ಹಗುರ

ಇನ್ನು ಖರ್ಚಿನ ಲೆಕ್ಕ. ಒಂಬತ್ತು ಸಾವಿರದ ಹೊಸ ಚೀಲದ ತೂಕ 900 ಗ್ರಾಂ. ಅದನ್ನು ಕೊಂಡರೆ 1,400 ಗ್ರಾಂ ಉಳಿತಾಯ. ಹುಡುಗನ ಹಳೆಯ ಕಾಲೇಜು ಚೀಲ 700 ಗ್ರಾಂ. ಅದನ್ನೇ ಒಯ್ದರೆ 1,600 ಗ್ರಾಂ ಉಳಿತಾಯ, ಖರ್ಚು ಸೊನ್ನೆ. ಸಣ್ಣ ಚೀಲದಿಂದ ಇನ್ನೊಂದು ಲಾಭವೂ ಇದೆ. ಜಾಗವಿಲ್ಲದ ಕಡೆ ‘ಇರಲಿ ಅಂತ’ ಎನ್ನುವುದು ಕಷ್ಟ.

ಕಾಲೇಜು ಚೀಲಕ್ಕೆ ಒಂದೇ ಕೊರತೆ, ಸೊಂಟದ ಪಟ್ಟಿಯಿಲ್ಲ. ಸೊಂಟಕ್ಕೆ ಬಿಗಿದ ಪಟ್ಟಿ ಭಾರದ ಒಂದು ಪಾಲನ್ನು ಹೆಗಲಿನಿಂದ ಇಳಿಸಿ ಸೊಂಟದ ಗಟ್ಟಿ ಮೂಳೆಗೆ ದಾಟಿಸುತ್ತದೆ. ಇಷ್ಟು ಹೇಳುವಷ್ಟರಲ್ಲಿ, ಆ ತನಕ ಸುಮ್ಮನಿದ್ದ ಅಪ್ಪ ಎದ್ದು ಅಂಗಡಿಯಿಂದ ದಬ್ಬಣ, ಮೇಣ ಸವರಿದ ದಾರ, ಹಳೆಯ ಚೀಲವೊಂದರ ಅಗಲ ಪಟ್ಟಿ ತಂದರು. ದಪ್ಪ ದಪ್ಪ ಲೆಡ್ಜರುಗಳನ್ನು ಹೊಲಿದ ಕೈ ಅದು. ಅರ್ಧ ಗಂಟೆಯಲ್ಲಿ ಪಟ್ಟಿ ಸಿದ್ಧವಾಯಿತು. ಮಗ ಎಳೆದು ನೋಡಿದ, ಅಲುಗಲಿಲ್ಲ.

ಟರ್ಕಿ ಟವೆಲ್ 500 ಗ್ರಾಂ, ಒಣಗಲು ಒಂದು ದಿನ. ಅದರ ಬದಲು ತೆಳ್ಳನೆಯ ಪಾಣಿಪಂಚೆ 150 ಗ್ರಾಂ. ಅದೂ ಹತ್ತಿಯೇ, ಆದರೆ ತೆಳುವಾದ್ದರಿಂದ ನಡೆಯುತ್ತಲೇ ಒಣಗುತ್ತದೆ. ಮೈ ಒರೆಸಲು, ಬಿಸಿಲಿಗೆ ತಲೆಗೆ ಸುತ್ತಲು, ರಾತ್ರಿ ದಿಂಬಿಗೆ ಹಾಸಲು ಅದೊಂದೇ ಸಾಕು. ಸ್ಟೀಲಿನ ನೀರಿನ ಬಾಟಲಿ 400 ಗ್ರಾಂ, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬಾಟಲಿ 30. ರಗ್ಗಿನ ಬದಲು ಒಂದು ದುಪ್ಪಟಿ, ನೆಲಕ್ಕೊಂದು ಪ್ಲಾಸ್ಟಿಕ್ ಹಾಳೆ, ಎರಡೂ ಸೇರಿ 700. ತಂಗುವುದು ಛತ್ರ, ಶಾಲೆ, ದೇವಸ್ಥಾನದ ಪಡಸಾಲೆಗಳಲ್ಲಿ, ಹಿಮಾಲಯದಲ್ಲಲ್ಲ. ಇನ್ನೊಂದು ಜೊತೆ ಶೂಸಿನ ಬದಲು 250 ಗ್ರಾಂನ ಹವಾಯಿ ಚಪ್ಪಲಿ. ಶಾಂಪೂ, ಪೇಸ್ಟು, ಎಣ್ಣೆ ಎಂಟು ದಿನಕ್ಕೆ ಬೇಕಾದಷ್ಟೇ ಚಿಕ್ಕ ಶೀಶೆಗಳಲ್ಲಿ.

ಛತ್ರಿ ಉಳಿಯಿತು. ಫೆಬ್ರವರಿ, ಮಾರ್ಚಿನ ಬಿಸಿಲಿಗೆ ನೆರಳನ್ನು ಜೊತೆಯಲ್ಲೇ ಒಯ್ದಂತೆ. ದುಡ್ಡು ಕೊಟ್ಟು ತಂದದ್ದು ಎರಡೇ. ತಲೆಗೆ ಕಟ್ಟುವ 90 ಗ್ರಾಂ ದೀಪ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಎರಡಕ್ಕೂ ಸೇರಿ ಆರುನೂರು ರೂಪಾಯಿಯೊಳಗೆ. ಹೊಳೆಯುವ ಪಟ್ಟಿಯನ್ನು ಚೀಲದ ಹಿಂದೆ, ಮುಂದಿನ ಹೆಗಲುಪಟ್ಟಿಗೆ, ಛತ್ರಿಗೂ ಅಂಟಿಸಿದೆವು. ಹೆದ್ದಾರಿಯಲ್ಲಿ ನಸುಕಿನಲ್ಲಿ ನಡೆಯುವವರಿಗೆ ಕಾಲುನೋವಿಗಿಂತ ದೊಡ್ಡ ಅಪಾಯ ವಾಹನಗಳದು. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಹಗುರ ಮಾಡುವ ಭರದಲ್ಲಿ ಈ ಹತ್ತಿಪ್ಪತ್ತು ಗ್ರಾಂನಲ್ಲಿ ಜಿಪುಣತನ ಬೇಡ.

ದುಡ್ಡು ಹಾಕಲೇಬೇಕಾದ ಜಾಗ ಯಾವುದು ಎಂದರೆ ಕಾಲು. ಕಾಲಿಗೆ ಕಟ್ಟಿದ ಒಂದು ಕಿಲೋ ಬೆನ್ನ ಮೇಲಿನ ನಾಲ್ಕೈದು ಕಿಲೋಗೆ ಸಮ. ಏಕೆಂದರೆ ಪ್ರತಿ ಹೆಜ್ಜೆಗೂ ಅದನ್ನು ನಿಲ್ಲಿಸಿ, ಮತ್ತೆ ಬೀಸಿ ಮುಂದೆ ಹಾಕಬೇಕು. ಆದ್ದರಿಂದ ಹಗುರವಾದ ಓಟದ ಶೂಸು ಸಾಕು. ದಿನವಿಡೀ ನಡೆದರೆ ಪಾದ ಊದುತ್ತದೆ. ಸಂಜೆಯ ಹೊತ್ತು ಹೋಗಿ, ಮುಂದೆ ಹೆಬ್ಬೆರಳಗಲ ಜಾಗ ಉಳಿಯುವಂತೆ ಕೊಳ್ಳಿ. ಕೊಂಡವರು ಹೊರಡುವ ಮುಂಚೆ ಎರಡು ವಾರ ಅದರಲ್ಲೇ ಓಡಾಡಿ. ಬೊಬ್ಬೆ ಏಳುವುದು ಘರ್ಷಣೆ ಮತ್ತು ತೇವದಿಂದ. ಕಾಲುಚೀಲ ಒಣಗಿರಲಿ, ಉರಿ ಶುರುವಾದ ಕೂಡಲೇ ನಿಂತು ಅಲ್ಲಿ ಅಂಟುಪಟ್ಟಿ ಹಾಕಿ. ‘ಮುಂದಿನ ಊರಿನಲ್ಲಿ ನೋಡೋಣ’ ಎಂದವರು ಮುಂದಿನ ಊರಿನಲ್ಲೇ ಕೂರುತ್ತಾರೆ.

ಚಕ್ಕುಲಿಯ ವಿಷಯ

ತಿಂಡಿಯ ಪ್ರಶ್ನೆ ಹಾಗೇ ಉಳಿದಿತ್ತು. ಒಂದು ಗ್ರಾಂ ಕೊಬ್ಬಿನಿಂದ 9 ಕಿಲೋಕ್ಯಾಲರಿ, ಸಕ್ಕರೆ–ಪಿಷ್ಟಗಳಿಂದ 4. ಬಾಳೆಹಣ್ಣಿನ ಮುಕ್ಕಾಲು ಪಾಲು ನೀರು; 100 ಗ್ರಾಂಗೆ ಸುಮಾರು 90 ಕಿಲೋಕ್ಯಾಲರಿ. ನಮ್ಮ ಬಸವನಗುಡಿ ಪರಿಷೆಯ ಕಡಲೆಕಾಯಿ, ಸಿಪ್ಪೆ ಬಿಡಿಸಿದ್ದು, 100 ಗ್ರಾಂಗೆ ಸುಮಾರು 560! ಹಣ್ಣನ್ನು ದಾರಿಯಲ್ಲಿ ಕೊಂಡು ತಿನ್ನಿ, ಕಡಲೆಬೀಜವನ್ನು ಮನೆಯಿಂದ ಒಯ್ಯಿರಿ. ಈ ಲೆಕ್ಕ ಕೇಳಿದ ತಾಯಿ, ‘ಹಾಗಾದರೆ ಚಿಕ್ಕಿ ಮಾಡಿಕೊಡಲಾ? ಬೆಲ್ಲದ್ದು?’ ಎಂದರು. ಅದಕ್ಕಿಂತ ಒಳ್ಳೆಯ ದಾರಿಯ ತಿಂಡಿ ಯಾವ ಅಂಗಡಿಯಲ್ಲೂ ಇಲ್ಲ. ಚಿಕ್ಕಿ, ಹುರಿಗಾಳು, ನಾಲ್ಕೇ ನಾಲ್ಕು ಚಕ್ಕುಲಿ, ಡಬ್ಬಿಯಿಲ್ಲದೆ ಪೊಟ್ಟಣದಲ್ಲಿ 500 ಗ್ರಾಂ. ಅವರ ಕೈಯ ರುಚಿ ಉಳಿಯಿತು, ಸ್ಟೀಲಿನ ಭಾರ ಹೋಯಿತು.

ನೀರು ಲೀಟರಿಗೆ ಒಂದು ಕಿಲೋ, ಅದನ್ನು ಹಗುರ ಮಾಡಲು ಬರುವುದಿಲ್ಲ. ಊರೂರಿಗೂ ತುಂಬಿಸಿಕೊಳ್ಳುವ ಕಡೆ ಒಂದು ಲೀಟರ್ ಸಾಕು, ಘಾಟಿಯಲ್ಲಿ ಎರಡು ಇರಲಿ. ಬಹಳ ಬೆವರಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಯಿರಿ, ಚಮಚಗಳು ಸಮತಟ್ಟಾಗಿರಲಿ.

ಕೊನೆಗೆ ಚೀಲ ತುಂಬುವ ಬಗೆ. ಒಂದು ಲೀಟರ್ ಬಾಟಲಿಯನ್ನು ಎದೆಗೆ ಒತ್ತಿ ಹಿಡಿಯಿರಿ, ಆಮೇಲೆ ಕೈ ಚಾಚಿ ಹಿಡಿಯಿರಿ. ತೂಕ ಅದೇ, ಶ್ರಮ ಬೇರೆ. ಭಾರ ಮೈಯಿಂದ ದೂರವಾದಷ್ಟೂ ಹಿಂದಕ್ಕೆ ಎಳೆಯುತ್ತದೆ, ನಾವು ಮುಂದಕ್ಕೆ ಬಾಗುತ್ತೇವೆ. ಆದ್ದರಿಂದ ನೀರು, ತಿಂಡಿ ಬೆನ್ನಿಗೆ ತಾಗುವಂತೆ. ದುಪ್ಪಟಿ, ಬಟ್ಟೆ ತಳಕ್ಕೆ ಮತ್ತು ಹೊರಬದಿಗೆ.

ಎಲ್ಲ ಮುಗಿಸಿ ಕೊಕ್ಕೆಗೆ ಹಾಕಿದೆವು. 5 ಕಿಲೋ 770 ಗ್ರಾಂ. ‘ಇರಲಿ ಅಂತ’ ಗುಡ್ಡೆ ಜಮಖಾನದ ಮೇಲೆ ಬೆಟ್ಟದಂತೆ ಕೂತಿತ್ತು.

ಹಗುರಾಗಿ ನಡೆಯುವುದು ಇಂದಿನ ಹೊಸ ಶೋಧವೇನಲ್ಲ. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಅಪಲಾಚಿಯನ್ ದಾರಿಯ ಸುಮಾರು 3,300 ಕಿ.ಮೀ.ಯನ್ನು ಒಬ್ಬರೇ ನಡೆದರು. ಮನೆಯಲ್ಲೇ ಹೊಲಿದ ಬಟ್ಟೆಯ ಚೀಲ, ಕ್ಯಾನ್ವಾಸ್ ಶೂಸು, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ: ಇಷ್ಟೇ ಅವರ ಸಲಕರಣೆ. ಅಷ್ಟು ದೂರವೇಕೆ, ನಮ್ಮ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಗೌರಿಬಿದನೂರಿನ ಬಳಿಯ ಹೊಸೂರಿನಿಂದ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಲು ಎರಡು ದಿನ ನಡೆದೇ ಬಂದವರು. ಮುಂದೆ ಭೌತಶಾಸ್ತ್ರದ ಪ್ರಾಧ್ಯಾಪಕರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ಎಷ್ಟು ಸಾಮಾನಿದ್ದರೆ ಸಾಕು ಎಂಬುದನ್ನು ನಮ್ಮ ಬಡಾವಣೆಗೆ ಬದುಕಿ ತೋರಿಸಿದವರು.

ಹುಡುಗ ಹೋಗಿ ಬಂದ. ಚಾರ್ಮಾಡಿ ಇಳಿಯುವಾಗ ಮಂಡಿ ನೋವು ಬಂತಂತೆ, ಎರಡು ಬೊಬ್ಬೆ ಎದ್ದವಂತೆ. ಬಂದ ಮರುದಿನ ನಾನು ಹೇಳಿದ್ದಂತೆ ಚೀಲ ಸುರಿದು ಮುಟ್ಟದೇ ಇದ್ದದ್ದನ್ನು ಪಟ್ಟಿ ಮಾಡಿ ತಂದ. ಔಷಧಿ ಪೊಟ್ಟಣ ಮತ್ತು ಒಂದು ಅಂಗಿ. ‘ಔಷಧಿ ಮುಂದಿನ ಸಲವೂ ಇರುತ್ತೆ ಸಾರ್, ಅಂಗಿ ಇರಲ್ಲ’ ಎಂದ. ಸ್ವೆಟರು? ‘ಕೊಟ್ಟಿಗೆಹಾರದಲ್ಲಿ ಮಾವನಿಗೆ ಜ್ವರ ಬಂತು. ಎರಡು ರಾತ್ರಿ ಅವರೇ ಹಾಕಿಕೊಂಡಿದ್ದರು.’ ಅದನ್ನು ಅಮ್ಮನಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದ್ದನಂತೆ. ನನಗೆ ಸಮಾಧಾನವಾಯಿತು.

ನೀವು ಎಲ್ಲಿಗೂ ನಡೆದು ಹೋಗುವವರಲ್ಲದಿದ್ದರೂ ಈ ಭಾನುವಾರ ಒಂದು ಪ್ರಯೋಗ ಮಾಡಿ. ಮಗುವಿನ ಶಾಲಾ ಚೀಲವನ್ನು ತೂಗಿ, ಮಗುವನ್ನೂ ತೂಗಿ. ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಚೀಲವನ್ನು ನೆಲಕ್ಕೆ ಸುರಿದು ಮೂರು ಗುಡ್ಡೆ ಮಾಡಿ. ‘ಇರಲಿ ಅಂತ’ ಯಾರು ಯಾರು ಏನೇನು ಹಾಕಿದ್ದಾರೆ ಎಂದು ಮಗುವಿನ ಜೊತೆ ಕುಳಿತು ನೋಡಿ. ಹೊರುವವರ ಮಾತನ್ನೂ ಕೇಳಿ, ಕಟ್ಟುವವರ ಮಾತನ್ನೂ ಕೇಳಿ. ನಡುವೆ ತಕ್ಕಡಿ ಇರಲಿ.